ಹಾಡಿದ್ದು ನೆನಪೈತಿ, ಕಟ್ಟಿದ್ದು ಮರತೇವಿ

ಅಮೀರಬಾಯಿ ಕರ್ನಾಟಕಿ ಎಂದ ಕೂಡಲೇ ಎಲ್ಲರ ಬಾಯಿಗೆ ಬರುವುದು 1943ರ ‘ಕಿಸ್ಮತ್’. ಬರಲಿ. ಅನಿಲ್ ಬಿಸ್ವಾಸ್ ಸಂಗೀತದ ಆ ಚಿತ್ರ ಕಲಕತ್ತೆಯ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಬೀಳಗಿಯ ಹೆಣ್ಣುಮಗಳ ದನಿ ದೇಶದ ತುಂಬ ಕೇಳಿಸಿತು. ಆದರೆ ನಮ್ಮ ಪ್ರಶ್ನೆ ಬೇರೆ. ಐದು ವರ್ಷದ ಮೇಲೆ, 1948ರಲ್ಲಿ, ಇದೇ ಅಮೀರಬಾಯಿ ‘ಶಹನಾಜ್’ ಎಂಬ ಹಿಂದಿ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಕಿಯಾದರು. ಈ ಮಾತು ನಮ್ಮ ಎಷ್ಟು ಮಂದಿಗೆ ಗೊತ್ತೈತಿ?

ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಯ ಊರು. ಆಗ ಬಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬಿಡಾರ ಹೂಡುವ ಸೀಮೆ ಇದು. ಇಲ್ಲಿ ಹಾಡುವಾಕಿ ಎಲ್ಲರಿಗೂ ಬೇಕು, ಹಾಡುವಾಕಿಯ ಮರ್ಯಾದೆ ಯಾರಿಗೂ ಬೇಡ. ಹಾಡನ್ನೇ ಹೊಟ್ಟೆಪಾಡು ಮಾಡಿಕೊಂಡ ಮನೆತನದಿಂದ ಹೊರಟು ಮುಂಬಯಿ ಸೇರಿದ ಅಮೀರಬಾಯಿ ಗ್ರಾಮಫೋನ್ ಪ್ಲೇಟುಗಳಿಗೆ ಹಾಡಿದರು. 1934ರ ‘ವಿಷ್ಣುಭಕ್ತಿ’ಯಲ್ಲಿ ಬೆಳ್ಳಿತೆರೆಗೆ ಬಂದರು.

ಹಾಡುವುದು ಒಂದು, ಹಾಡು ಕಟ್ಟುವುದು ಇನ್ನೊಂದು. ಇಳಕಲ್ಲ ಸೀರೆಯ ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕುತ್ತಾರಲ್ಲ, ಅಂಥ ಕೆಲಸ ಇದು. ಕವಿಯ ಮಾತಿಗೆ ಧಾಟಿ ಕೂಡಿಸಬೇಕು, ಯಾವ ವಾದ್ಯ ಎಲ್ಲಿ ಏಳಬೇಕು ಎಲ್ಲಿ ನಿಲ್ಲಬೇಕು ಎಂದು ಹೇಳಬೇಕು. ಅಂದರೆ ಗಂಡಸರ ಮೇಳಕ್ಕೆ ಹೆಣ್ಣೊಬ್ಬಳು ಅಪ್ಪಣೆ ಕೊಡಬೇಕು. ಆ ಕುರ್ಚಿಯಲ್ಲಿ ಕೂತ ಹೆಂಗಸರು ಬೆರಳೆಣಿಕೆ. 1935ರಲ್ಲಿ ಜದ್ದನಬಾಯಿ. ‘ಅಛೂತ್ ಕನ್ಯಾ’ದ ಸರಸ್ವತಿ ದೇವಿ, ಆಕೆ ಪಾರ್ಸಿ ಮನೆಯ ಖೋರ್ಶೇದ್, ಸ್ವಂತ ಸಮಾಜದ ಸಿಟ್ಟಿಗೆ ಹೆಸರನ್ನೇ ಬದಲಿಸಬೇಕಾಯಿತು. ಬೀಳಗಿಯವರು ಮಾತ್ರ ‘ಬಾಯಿ’ಯನ್ನೂ ಬಿಡಲಿಲ್ಲ, ‘ಕರ್ನಾಟಕಿ’ಯನ್ನೂ ಬಿಡಲಿಲ್ಲ.

ಹಾಗಾದರೆ ‘ಶಹನಾಜ್’ ಮರೆವಿಗೆ ಬಿದ್ದದ್ದು ಹೇಗೆ? ಮೊದಲನೆಯದು, ಆಗಿನ ಅರಗಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ. ಒಂದು ಚಿತ್ರದ ಹಾಡು ನಾಲ್ಕಾರು ಪ್ಲೇಟಿಗೆ ಚದುರಿಹೋಗುತ್ತಿದ್ದವು. ಗೆದ್ದ ಹಾಡು ಮನೆ ಮನೆಗೆ ಹೋಯಿತು. ಎಲ್ಲವನ್ನೂ ಕಟ್ಟಿದ ಕೈ ಯಾರದು ಎಂದು ಕೇಳುವವರು ಕಡಿಮೆ. ಎರಡನೆಯದು, ಕಾಲ. ದೇಶ ಒಡೆದ ಮರುವರ್ಷ ಬಂದ ಚಿತ್ರವದು. 1949ರಲ್ಲಿ ‘ಮಹಲ್’, ‘ಬರಸಾತ್’, ‘ಅಂದಾಜ್’ ಬಂದವು, ಲತಾ ಮಂಗೇಶಕರರ ತೆಳು ದನಿಯೇ ಮಾದರಿಯಾಯಿತು. ಮೈತುಂಬಿದ ಹಳೆಯ ಬೈಠಕ್ಕಿನ ದನಿಗಳು ಹಿಂದೆ ಸರಿದವು. ಅಮೀರಬಾಯಿ ತಾಯಿ, ಅತ್ತೆಯಂಥ ಪಾತ್ರಗಳಿಗೆ ಇಳಿಯಬೇಕಾಯಿತು.

ಮೂರನೆಯದೇ ಮುಖ್ಯ. 1946ರಲ್ಲಿ ವಲ್ಲಭಭಾಯಿ ಪಟೇಲರು ಪ್ರಸಾರ ಖಾತೆಗೆ ಬಂದ ಮೇಲೆ, ‘ಶೀಲ’ದ ಹೆಸರಿನಲ್ಲಿ ಬಾಯಿಯರಿಗೆ ರೇಡಿಯೋ ಬಾಗಿಲು ಮುಚ್ಚುವ ನಿಯಮ ಬಂತು. ಶತಮಾನಗಳಿಂದ ಸಂಗೀತವನ್ನು ಎದೆಯಲ್ಲಿಟ್ಟು ಕಾಪಾಡಿದವರೇ ಸಂಗೀತಕ್ಕೆ ಮೈಲಿಗೆಯಾದರು! ವಿದ್ಯೆ ಬೇಕು, ವಿದ್ಯೆ ಹೊತ್ತ ಮೈ ಬೇಡ. ಈ ನ್ಯಾಯ ನಮಗೇನು ಹೊಸದೇ? ಚಪ್ಪಲಿ ಬೇಕು, ಹೊಲಿದವ ಬೇಡ. ಹಲಗೆಯ ಸದ್ದು ಬೇಕು, ಬಾರಿಸಿದವ ಗುಡಿಯ ಹೊರಗೆ. ಅದೇ ಗಾದಿಯ ಇನ್ನೊಂದು ಮಗ್ಗುಲಿದು.

ಅಮೀರಬಾಯಿ 1965ರಲ್ಲಿ ತೀರಿಕೊಂಡರು. ಮಣ್ಣಾದದ್ದು ಬಿಜಾಪುರದಲ್ಲಿ. ರಹಮತ್ ತರೀಕೆರೆಯವರು ಅವರ ಜೀವನವನ್ನು ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಋಣ ಸ್ವಲ್ಪ ಕಡಿಮೆಯಾಗಿದೆ. ಉಳಿದದ್ದು ನಮ್ಮ ಪಾಲಿನ ಕೆಲಸ. ‘ಕನ್ನಡ ಕೋಗಿಲೆ’ ಎಂದು ಕರೆದು ಕೈ ತೊಳಕೊಂಡರೆ ಸಾಲದು. ಕೋಗಿಲೆ ತನ್ನಷ್ಟಕ್ಕೆ ಕೂಗುತ್ತದೆ. ಈಕೆ ಕಲಿತರು, ದುಡಿದರು, ಕಟ್ಟಿದರು. ಹುನಗುಂದದಲ್ಲೋ ಬಾದಾಮಿಯಲ್ಲೋ ಪಾಠ ಹೇಳುವ ಮಾಸ್ತರರೇ, ಅಕ್ಕೋರೇ, ಕರಿಹಲಗೆಯ ಮೇಲೆ ‘ಗಾಯಕಿ’ ಎಂದು ಬರೆದ ಮೇಲೆ ಕೈ ನಿಲ್ಲಿಸಬೇಡಿ. ಪಕ್ಕಕ್ಕೆ ‘ಸಂಗೀತ ನಿರ್ದೇಶಕಿ, ಶಹನಾಜ್, 1948’ ಎಂದೂ ಬರೆಯಿರಿ. ಹಿಂದಿನ ಬೆಂಚಿನ ಹುಡುಗಿ ಅದನ್ನು ಓದಲಿ.