ಸೋತ ದುರ್ಯೋಧನ, ಪರಿತಪಿಸಿದ ರಾವಣ

ಸೋತ ಖಳನಾಯಕ ತಪ್ಪು ಒಪ್ಪಿಕೊಂಡು ಒಳ್ಳೆಯವನಾಗಬೇಕೇ? ಇಂದು ಕಂಪ್ಯೂಟರ್ ಆಟವಾಡುವ ಹುಡುಗರು ಚರ್ಚಿಸುವ ಈ ಪ್ರಶ್ನೆ, ಬಾಡಗಂಡಿಗೆ ಹೆಚ್ಚು ದೂರವಲ್ಲದ ಮುಧೋಳದಲ್ಲಿ ಹುಟ್ಟಿದ ರನ್ನನಿಗೆ ಸಾವಿರ ವರ್ಷಗಳ ಹಿಂದೆಯೇ ಎದುರಾಗಿತ್ತು.

ಬಳೆಗಾರರ ಮನೆತನದ ಈ ಜೈನ ಕವಿಯ 'ಗದಾಯುದ್ಧ'ಕ್ಕೆ 'ಸಾಹಸಭೀಮವಿಜಯ' ಎಂಬ ಹೆಸರೂ ಉಂಟು. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯವಿದು. ಅಂದರೆ ನಾಯಕ ಭೀಮನೇ. ಆದರೂ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಆಸ್ಥಾನಕವಿಯೊಬ್ಬನಿಗೆ ಇದು ಸಣ್ಣ ಧೈರ್ಯವಲ್ಲ.

ಯುದ್ಧ ಮುಗಿಯುತ್ತ ಬಂದಿದೆ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ಕುರುರಾಜ ದ್ರೋಣ, ದುಶ್ಶಾಸನ, ಮಗ ಲಕ್ಷಣ, ಗೆಳೆಯ ಕರ್ಣ, ಹೀಗೆ ಒಬ್ಬೊಬ್ಬರ ಶವದ ಮುಂದೆಯೂ ನಿಂತು ಮರುಗುತ್ತಾನೆ. ಶತ್ರುಪಕ್ಷದ ಅಭಿಮನ್ಯುವಿಗೂ ಕೈಮುಗಿದು, ಅಂಥ ಸಾವು ತನಗೂ ಬರಲೆಂದು ಬಯಸುತ್ತಾನೆ. ತಂದೆತಾಯಿ ಸಂಧಿ ಮಾಡಿಕೊಳ್ಳೆಂದು ಬೇಡುತ್ತಾರೆ. ಶರಶಯ್ಯೆಯ ಭೀಷ್ಮನೂ ಹೇಳುತ್ತಾನೆ. ಇವನು ಒಪ್ಪುವುದಿಲ್ಲ. ತನ್ನ ಹೋರಾಟ ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ನೆಲ ತನಗೆ ಹಾಳುನೆಲವೇ ಎಂಬುದು ಅವನ ಉತ್ತರ.

ಗಮನಿಸಬೇಕಾದ್ದೆಂದರೆ, ಇಷ್ಟೆಲ್ಲ ಮರುಗುವವನು ದ್ರೌಪದಿಗಾದ ಅವಮಾನಕ್ಕೆ ಕ್ಷಮೆ ಕೇಳುವುದಿಲ್ಲ. ರನ್ನನೂ ಅವನಿಂದ ಕೇಳಿಸುವುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರು 1926ರ 'ಗದಾಯುದ್ಧ ನಾಟಕಂ'ನಲ್ಲಿ ಈ ದುರ್ಯೋಧನನನ್ನು ಗ್ರೀಕ್ ದುರಂತನಾಯಕರ ಸಾಲಿಗೆ ಏರಿಸಿದರು. ಆ ಎತ್ತರದಿಂದ ನೋಡಿದರೆ ದ್ರೌಪದಿಯ ಬಿಚ್ಚಿದ ಮುಡಿ ಕಾಣದೆ ಹೋಗುವ ಅಪಾಯವಿದೆ. ಮೂಲ ಕಾವ್ಯದಲ್ಲಾದರೋ ಕಥೆ ಹೊರಡುವುದೇ ಆ ಮುಡಿಯಿಂದ.

ಇನ್ನೊಂದು ಬಗೆಯ ಉತ್ತರ ಕೊಟ್ಟವನು 'ಪಂಪರಾಮಾಯಣ'ದ ನಾಗಚಂದ್ರ. ಇವನನ್ನು ವಿಜಯಪುರದ ಕಡೆಯವನೆಂದು ಹೇಳುವುದುಂಟು. ಇವನ ರಾವಣ ಸೀತೆಯ ದುಃಖ ಕಂಡು ನಿಜವಾಗಿ ಪರಿತಪಿಸುತ್ತಾನೆ, ಅವಳನ್ನು ಹಿಂತಿರುಗಿಸಲೂ ನಿಶ್ಚಯಿಸುತ್ತಾನೆ. ಆದರೆ ಈಗಲೇ ಕೊಟ್ಟರೆ ಜನ ಹೇಡಿ ಎಂದಾರು! ಮೊದಲು ರಾಮಲಕ್ಷ್ಮಣರನ್ನು ಗೆದ್ದು, ಆಮೇಲೆ ಒಪ್ಪಿಸುವುದೆಂದು ಲೆಕ್ಕ ಹಾಕುತ್ತಾನೆ. ನಮ್ಮ ಹಳ್ಳಿಯ ಜಗಳಗಳಲ್ಲೂ ರಾಜಿ ಮುರಿಯುವುದು ಬಹುಮಟ್ಟಿಗೆ ಇಲ್ಲಿಯೇ. ರಾವಣನ ಮನಸ್ಸು ತಿರುಗಿತ್ತು, ಮರ್ಯಾದೆಯ ಚಿಂತೆ ಬಿಡಲಿಲ್ಲ. ಯುದ್ಧದಲ್ಲಿ ಲಕ್ಷ್ಮಣನ ಕೈಯಲ್ಲಿ ಸತ್ತ.

ಜೈನ ಪರಂಪರೆ ಮಾತ್ರ ಅವನ ಕಥೆಯನ್ನು ಅಲ್ಲಿಗೇ ಮುಗಿಸುವುದಿಲ್ಲ. ನರಕವನ್ನು ಅನುಭವಿಸಿ, ಎಷ್ಟೋ ಜನ್ಮಗಳ ನಂತರ ಅವನೂ ತೀರ್ಥಂಕರನಾಗುತ್ತಾನೆ ಎನ್ನುತ್ತದೆ.