ಗೋಡೆಯ ತೇವ, ಎದೆಯ ಗೂರಲು

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಪುಸ್ತಕದ ರಟ್ಟಿನಿಂದ ಮೊದಲ್ಗೊಂಡು ಪೆಟ್ಟಿಗೆಯೊಳಗಿನ ಪಟ್ಟೆಮಡಿಯವರೆಗೆ ಎಲ್ಲಕ್ಕೂ ಬೂಷ್ಟು ಬರುತ್ತದೆ. ನನ್ನ ಬಾಲ್ಯದಲ್ಲಿ ಸೋದರತ್ತೆಗೆ ಗೂರಲು ಏಳುತ್ತಿದ್ದುದೂ ಆ ದಿನಗಳಲ್ಲಿಯೇ. ಗಾಳಿ ತಗುಲಬಾರದೆಂದು ಆಕೆಯನ್ನು ಬಚ್ಚಲಿಗೆ ಹೊಂದಿಕೊಂಡ ಒಳಕೋಣೆಯಲ್ಲಿ ಮಲಗಿಸಿ, ಇದ್ದೊಂದು ಕಿಟಕಿಯನ್ನೂ ಮುಚ್ಚುತ್ತಿದ್ದೆವು. ಆ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ಸದಾ ಕಪ್ಪಾಗಿರುತ್ತಿತ್ತು. ನಾವು ಮಾಡಿದ್ದು ಪ್ರೀತಿಯಿಂದ. ಆದರೆ ಅದು ಸರಿಯಾಗಿತ್ತೆ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆ ಒಂದು ದೀರ್ಘ ಚರಿತ್ರೆ.

ತೇವಕ್ಕೂ ಉಸಿರಿಗೂ ಇರುವ ನಂಟು ಹಿಂದಿನವರು ಅರಿಯದ ಮಾತಲ್ಲ. ಚರಕಸಂಹಿತೆ ಐದು ಬಗೆಯ ಶ್ವಾಸರೋಗಗಳನ್ನು ಎಣಿಸಿ, ಅವುಗಳಲ್ಲಿ ತಮಕಶ್ವಾಸವು ಮೋಡ, ನೀರು, ಚಳಿ, ಮೂಡಣ ಗಾಳಿಗಳಿಂದ ಹೆಚ್ಚುತ್ತದೆಂದು ಹೇಳುತ್ತದೆ. ಮಲಗಿದರೆ ಬಾಧೆ, ಕುಳಿತರೆ ನೆಮ್ಮದಿ ಎಂಬ ಲಕ್ಷಣವೂ ಅಲ್ಲಿದೆ. ಆದರೆ ಅಲ್ಲಿಯ ದೃಷ್ಟಿ ಋತುವಿನ ಮೇಲೆ, ಗೋಡೆಯ ಮೇಲಲ್ಲ.

ಮನೆಯೊಳಗಿನ ಗಾಳಿಯತ್ತ ಗಮನ ತಿರುಗಿದ್ದು ಬಹುಕಾಲದ ಮೇಲೆ. ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ ಸ್ವತಃ ಗೂರಲಿನಿಂದ ಬಳಲಿದವನು. 1698ರಲ್ಲಿ ಆ ರೋಗವನ್ನೇ ಕುರಿತು ಗ್ರಂಥ ಬರೆದನು. ದ್ರಾಕ್ಷಾರಸದ ನೆಲಮಾಳಿಗೆಗೆ ಹೋಗಿಬಂದ ಮೇಲೆ ಒಬ್ಬರಿಗೆ ಗೂರಲು ಉಗ್ರವಾಗಿ ಕೆರಳಿದ ಸಂಗತಿ 1726ರ ಅವನ ಬರಹದಲ್ಲಿದೆ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಇನ್ನೂ ಮುಂದೆ ಹೋದನು. ಒದ್ದೆ ಹುಲ್ಲಿನ ಮೇಲೆ ಬೂಷ್ಟು ಬೆಳೆಸಿ, ಅದರ ಕಣಗಳನ್ನು ತಾನೇ ಸೇದಿ ನೋಡಿದನು. ದನಿ ಕಟ್ಟಿತು, ಎದೆ ಕಫದಿಂದ ತುಂಬಿತು. 1873ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಈ ಅನುಭವವನ್ನು ದಾಖಲಿಸಿದನು.

ಮುಂದಿನ ಅಧ್ಯಾಯಗಳು ನಡೆದದ್ದು ತಗ್ಗುನೆಲದ, ತೇವದ ನಾಡಾದ ಹಾಲೆಂಡಿನಲ್ಲಿ. ಸ್ಟಾರ್ಮ್ ವಾನ್ ಲೇವೆನ್ 1924ರಲ್ಲಿ ಬೂಷ್ಟಿನ ಕಣಗಳಿಗೂ ಗೂರಲಿಗೂ ಸಂಬಂಧವನ್ನು ತೋರಿದನು. 1960ರ ದಶಕದಲ್ಲಿ ವೂರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ಮನೆಯ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಗೂರಲಿಗೆ ಕಾರಣವೆಂದು ಕಂಡುಕೊಂಡರು. ಈ ನುಸಿ ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಬೂಷ್ಟಾಗಲಿ ನುಸಿಯಾಗಲಿ, ಎರಡಕ್ಕೂ ಜೀವಾಳ ತೇವವೇ.

ಹಾಗಾದರೆ ತೇವವನ್ನು ನೀಗಿದರೆ ರೋಗ ತಗ್ಗುವುದೆ? ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಬೂಷ್ಟು ಹಿಡಿದ ಮನೆಗಳ 62 ಮಂದಿ ಗೂರಲಿನ ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ರೋಗದ ಆರೈಕೆಯ ತಿಳಿವಳಿಕೆ ಎರಡು ಗುಂಪಿಗೂ ದೊರೆಯಿತು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ ಸೋರಿಕೆಯನ್ನು ತಡೆದು, ಕೊಳೆತ ಭಾಗಗಳನ್ನು ತೆಗೆದರು. 2006ರಲ್ಲಿ ಪ್ರಕಟವಾದ ಫಲ ಹೀಗಿದೆ: ದುರಸ್ತಿಯಾದ ಮೇಲೆ ಆ ಗುಂಪಿನ 29 ಮಕ್ಕಳಲ್ಲಿ ಒಂದಕ್ಕೆ ರೋಗ ಉಲ್ಬಣಿಸಿತು, ಉಳಿದ 33ರಲ್ಲಿ 11 ಮಕ್ಕಳಿಗೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಷ್ಟು ಬೂಷ್ಟು ಇರಬಹುದೆಂಬ ಮಿತಿಯನ್ನು ಗೊತ್ತುಮಾಡದೆ, ತೇವವನ್ನೇ ತಡೆಯಬೇಕೆಂದು ಹೇಳಿತು.

ಎಲ್ಲ ಗೂರಲಿಗೂ ಗೋಡೆಯೇ ಕಾರಣವಲ್ಲ. ವೈದ್ಯರು ಕೊಟ್ಟ ಔಷಧವನ್ನು ಬಿಡಬೇಕೆಂದೂ ಅಲ್ಲ. ಆದರೆ ಒದ್ದೆ ಗೋಡೆಗೆ ಸುಣ್ಣ ಬಳಿದರೆ ಕಲೆ ಮರೆಯಾದೀತೇ ಹೊರತು ಬೂಷ್ಟು ಮತ್ತೆ ಬಾರದಿರದು. ಒಡೆದ ಹಂಚು, ಕಟ್ಟಿದ ದೋಣಿ, ಗೋಡೆಯ ಬುಡದಲ್ಲಿ ನಿಲ್ಲುವ ನೀರು, ಒಸರುವ ನಲ್ಲಿ, ಇವುಗಳ ದುರಸ್ತಿ ಮೊದಲು. ಅಡುಗೆಮನೆ, ಬಚ್ಚಲುಗಳ ಹಬೆಗೆ ಹೊರದಾರಿ ಬೇಕು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬಾರದು. ಬೀರುವನ್ನು ಗೋಡೆಗೆ ಒತ್ತಿ ಇಡಬಾರದು. ಬೂಷ್ಟನ್ನು ಒಣಗಿದಂತೆ ಕೆರೆಯದೆ ಒದ್ದೆ ಬಟ್ಟೆಯಿಂದ ಒರಸಬೇಕು. ಆಗ ರೋಗಿ ಅಲ್ಲಿರಬಾರದು.

ಅತ್ತೆ ರಾತ್ರಿಯೆಲ್ಲ ದಿಂಬಿಗೊರಗಿ ಕುಳಿತೇ ಇರುತ್ತಿದ್ದರು. ಬೆಳಗಾದೊಡನೆ ಜಗಲಿಗೆ ಕರೆದೊಯ್ಯಿರೆಂದು ಕೇಳುತ್ತಿದ್ದರು. ಹಠವೆಂದು ನಾವು ಗದರುತ್ತಿದ್ದೆವು. ಈಗ ತಿಳಿಯುತ್ತದೆ, ಆಕೆ ಕೇಳಿದ್ದು ಒಣಗಿದ ಜಾಗವನ್ನು. ನಿಮ್ಮ ಮನೆಯಲ್ಲಿ ಹೀಗೆ ಏದುವವರಿದ್ದರೆ, ಅವರ ಹಾಸಿಗೆ ಹಾಸುವ ಮೊದಲು ಆ ಕೋಣೆಯ ಗೋಡೆಯನ್ನೊಮ್ಮೆ ಅಂಗೈಯಿಂದ ಮುಟ್ಟಿ ನೋಡಿರಿ.