ಕಾಂಗ್ರೆಸ್ ಕಸದ ಜಾತಕ

ಹೋದ ಮಳೆಗಾಲದಲ್ಲಿ ಮೂಡಲಗಿ ಹತ್ರದ ನಮ್ಮ ಹೊಲದಿಂದ ಒಂದು ಚೀಲ ಕರಿಮಣ್ಣು ಬೆಂಗಳೂರಿಗೆ ತಂದಿದ್ದೆ. ಬಾಲ್ಕನಿ ಕುಂಡದಲ್ಲಿ ಒಂದು ಅಗಿ ಎದ್ದಿತು. ಸೀಳು ಸೀಳು ಎಲೆ, ಥೇಟ್ ಶಾವಂತಿ. ಖುಷಿಯಿಂದ ಫೋಟೋ ಕಳಿಸಿದೆ. ಅವ್ವ ಫೋನ್ ಮಾಡಿ ನಕ್ಕಳು: "ಇಂಜಿನಿಯರ್ ಆಗಿ ಕಾಂಗ್ರೆಸ್ ಕಸ ಗುರ್ತ ಸಿಗಲಿಲ್ಲೇನೋ? ಕಿತ್ತು ಒಗಿ. ಬರಿಗೈಲೆ ಮುಟ್ಟಬ್ಯಾಡ."

ಆ ಕೊನೇ ಮಾತಿಗೆ ಕಾರಣ ಇದೆ. ಅಪ್ಪನಿಗೆ ಎರಡು ವರ್ಷ ಕುತ್ತಿಗೆ, ಮೊಣಕೈ, ಕಣ್ಣ ರೆಪ್ಪೆ ಎಲ್ಲಾ ತುರಿಕೆ. ಗಜಕರ್ಣ ಅಂತ ಗೋಕಾಕ, ಹುಕ್ಕೇರಿ ತಿರುಗಿ ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಕೊನೆಗೆ ಚರ್ಮದ ಡಾಕ್ಟರೊಬ್ಬರು, "ಬದುವಿನ ಮ್ಯಾಲೆ ಏನು ಬೆಳದೈತಿ?" ಅಂತ ಕೇಳಿದರು. ಈ ಗಿಡದಲ್ಲಿರೋ ಪಾರ್ಥೆನಿನ್ ಕೆಲವರ ಚರ್ಮಕ್ಕೆ ಆಗಿಬರೋದಿಲ್ಲ.

ಪಾರ್ಥೇನಿಯಂ ಹಿಸ್ಟೆರೊಫೋರಸ್. ಶಾವಂತಿ, ಸೂರ್ಯಕಾಂತಿ ಮನೆತನದ್ದೇ, ಹಂಗಾಗಿ ನನ್ನ ತಪ್ಪು ಅಷ್ಟೇನೂ ದೊಡ್ಡದಲ್ಲ! ಗುರುತು ಹೂವಿನಲ್ಲಿದೆ. ನಮಗೆ ಒಂದು ಬಿಳಿ ಹೂ ಅನ್ನಿಸೋದು ಹತ್ತಾರು ಸಣ್ಣ ಹೂಗಳ ಗೊಂಚಲು. ಅಂಚಿನ ಐದು ಹೂಗಳಷ್ಟೇ ಬೀಜ ಕಟ್ಟುತ್ತವೆ. ಹೂವಿಗೆ ಬರೀ ಐದು ಬೀಜ, ಆದ್ರೆ ದೊಡ್ಡ ಗಿಡ ಒಂದರಲ್ಲೇ ಸಾವಿರಾರು.

ಇದು ಬಂದದ್ದು ಹೇಗೆ? ನಮ್ಮ ಅಜ್ಜನ ಪ್ರಕಾರ ಅಮೆರಿಕಾದ ಗೋಧಿ ಜೋಡಿ ಬಂತು, ತಂದವರು ಕಾಂಗ್ರೆಸ್ ಸರ್ಕಾರದವರು, ಅದಕ್ಕೇ ಆ ಹೆಸರು. ಹೂವು ಗಾಂಧಿ ಟೋಪಿಯಷ್ಟು ಬೆಳ್ಳಗಿರೋದಕ್ಕೆ ಅಂತಾನೂ ಹೇಳ್ತಾರೆ. ಪುಸ್ತಕಗಳಲ್ಲಿ ಪಿಎಲ್-480 ಗೋಧಿಯ ಕತೆಯೇ ಓಡುತ್ತೆ. ತಾರೀಖು ನೋಡಿದರೆ ಸ್ವಲ್ಪ ತೊಡಕು. ಪುಣೆಯಲ್ಲಿ ಈ ಗಿಡ ಕಂಡದ್ದು 1955ರಲ್ಲಿ. ಪಿಎಲ್-480ರಡಿ ಭಾರತದ ಮೊದಲ ಒಪ್ಪಂದ ಆದದ್ದು 1956ರ ಆಗಸ್ಟ್‌ನಲ್ಲಿ. ಬರದ ಕಾಲದ ಸಾಲವಾಗಿ 1951ರಲ್ಲೇ ಅಮೆರಿಕಾದ ಧಾನ್ಯ ಬಂದಿತ್ತು, ಅದರ ಜೋಡಿ ಬಂದಿರಬಹುದು. ಆದ್ರೆ 1814ರಷ್ಟು ಹಿಂದೆಯೇ ರಾಕ್ಸ್‌ಬರ್ಗ್ ಸಾಹೇಬರು ಮಾಡಿದ ಕಲ್ಕತ್ತಾ ತೋಟದ ಗಿಡಗಳ ಪಟ್ಟಿಯಲ್ಲಿ ಇದರ ಹೆಸರಿದೆ! ಬೀಜ ಬಂದದ್ದು ಒಂದು ಸಲ ಅಲ್ಲ, ಹಲವು ಸಲ ಅಂತ ನನ್ನ ಊಹೆ. ಅಜ್ಜನ ಮುಂದೆ ಇದನ್ನ ಹೇಳೋ ಧೈರ್ಯ ಇರಲಿಲ್ಲ ಬಿಡಿ.

1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆ, ಜೈಗೋಗ್ರಾಮಾ, ಬಿಟ್ಟರು. ಎಲೆ ಚೆನ್ನಾಗಿಯೇ ತಿಂತು. ಆಮೇಲೆ ಸೂರ್ಯಕಾಂತಿಗೂ ಬಾಯಿ ಹಾಕಿತು ಅಂತ ಗದ್ದಲ ಎದ್ದಿತು. ಪರೀಕ್ಷೆ ಮಾಡಿದಾಗ ಗೊತ್ತಾದದ್ದು: ಸೂರ್ಯಕಾಂತಿ ಎಲೆ ಮೇಲೆ ಪಾರ್ಥೇನಿಯಂ ಪರಾಗ ಬಿದ್ದಿದ್ದರೆ ಹುಳ ಮೋಸಹೋಗಿ ಅದನ್ನೂ ಮೆಲ್ಲುತ್ತಿತ್ತು. ವಾಸನೆ ನೋಡಿ ಗುರುತು ಹಿಡಿಯೋ ಹುಳಾನೇ ತಪ್ಪಿದೆ, ಫೋಟೋ ನೋಡೋ ನಾನು ಯಾವ ಲೆಕ್ಕ!

ಅಪ್ಪ ಈಗ ತುಂಬುತೋಳಿನ ಅಂಗಿ ಹಾಕ್ಕೊಂಡೇ ಹೊಲಕ್ಕೆ ಹೋಗ್ತಾರೆ. ಬದುವಿನ ಕಸ ಹೂ ಬಿಡೋಕೆ ಮುಂಚೆ ತೆಗೆಸ್ತಾರೆ, ಕಾಲುವೆ ದಂಡೆಯದ್ದು ಮತ್ತೆ ಬರುತ್ತೆ.

ನಾನು ಕೈಗೆ ಹಾಲಿನ ಪ್ಯಾಕೆಟ್ ಸುತ್ತಿಕೊಂಡು ಕುಂಡದ್ದನ್ನ ಬೇರು ಸಮೇತ ಕಿತ್ತೆ. ಇನ್ನೂ ಮೊಗ್ಗು ಬಂದಿರಲಿಲ್ಲ.